ನೀರು ಎಲ್ಲಿದ್ದು?

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಿಡಕಿಬೈಲಿನ ಗದ್ದುಗೆಯಲ್ಲಿ ಅಮ್ಮನ ದರ್ಶನ ಮಾಡಿ, ಬಳೆ ಅಂಗಡಿಗಳ ಸಾಲು ದಾಟಿದರೆ ಆಟಿಕೆ ಅಂಗಡಿಗಳು ಶುರು. ಮನೆಯವರು ಅಲ್ಲಿ ನನ್ನನ್ನು ಬಿಟ್ಟು ಮಿರ್ಚಿ ತಿನ್ನಲು ಹೋಗುತ್ತಾರೆ. ಕಾದು ಪ್ರಯೋಜನವಿಲ್ಲ ಅಂತ ಅವರಿಗೆ ಗೊತ್ತು.

2024ರ ಜಾತ್ರೆಯಲ್ಲಿ ಒಂದು ಕೆಂಪು ಟ್ರ್ಯಾಕ್ಟರ್ ಎತ್ತಿಕೊಂಡೆ. ಅಂಗಡಿಯವ ಹುರುಪಿನಿಂದ ಬ್ಯಾಟರಿ ಹಾಕಿ ತೋರಿಸಿದ. "ಹಾಡು ಬರ್ತದೆ ಸಾರ್, ಲೈಟೂ ಬರ್ತದೆ." ನಾನು ಅದನ್ನು ಮಗುಚಿ ಹೊಟ್ಟೆ ನೋಡಿದೆ. ನಾಲ್ಕು ಸ್ಕ್ರೂ. ಒಳ್ಳೆಯದಾಯಿತು. ಹಿಂದಿನ ಚಕ್ರಕ್ಕೆ ಹೆಬ್ಬೆರಳು ಹಿಡಿದು ಅಳೆದೆ. "ಹಾಡು ಬೇಡ. ಈ ಚಕ್ರ ಬಿಚ್ಚಲಿಕ್ಕೆ ಬರ್ತದಾ?" ಅಂದೆ. ಅವನು ಪಕ್ಕದ ಅಂಗಡಿಯವನ ಮುಖ ನೋಡಿದ.

ನನ್ನ ಹುಚ್ಚು ಇಷ್ಟೇ. ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ, ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ನಡೆಸಿ, ದಾಳ ಉರುಳಿಸಿ ಆಡುವ ಯುದ್ಧದಾಟ ಒಂದಿದೆ. ವಾರ್‌ಗೇಮಿಂಗ್ ಅನ್ನುತ್ತಾರೆ. ಅದರೊಳಗೇ ಒಂದು ಸಣ್ಣ ಪಂಗಡ ನಮ್ಮದು, ವಿಕ್ಟೋರಿಯನ್ ಸೈನ್ಸ್ ಫಿಕ್ಷನ್. ವಿಕ್ಟೋರಿಯಾ ರಾಣಿ 1837ರಿಂದ 1901ರವರೆಗೆ ಆಳಿದಳು. ಆ ಕಾಲದ ಜನ ನಾಳೆ ಹೀಗಿರಬಹುದು ಅಂತ ಕನಸು ಕಂಡ ಯಂತ್ರಗಳು ನಮ್ಮ ಆಟದ ಗಾಡಿಗಳು. ಎಲ್ಲವೂ ಉಗಿ, ಕಬ್ಬಿಣ, ಹಿತ್ತಾಳೆ. ಜೂಲ್ಸ್ ವರ್ನ್ 1880ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಉಗಿಯಿಂದ ನಡೆಯುವ ಕಬ್ಬಿಣದ ಆನೆಯೊಂದು ಚಕ್ರದ ಮೇಲಿನ ಎರಡು ಮನೆಗಳನ್ನು ಎಳೆದುಕೊಂಡು ಉತ್ತರ ಹಿಂದೂಸ್ತಾನ ತಿರುಗುತ್ತದೆ. ಹೊಗೆ ಸೊಂಡಿಲಿನಿಂದ ಬರುತ್ತದೆ, ಮತ್ತೆಲ್ಲಿಂದ! ಎಚ್. ಜಿ. ವೆಲ್ಸ್ 1903ರಲ್ಲಿ ನೆಲದ ಮೇಲೆ ತೆವಳುವ ಉಕ್ಕಿನ ಹಡಗುಗಳ ಕಥೆ ಬರೆದ. ಹದಿಮೂರು ವರ್ಷ ಕಳೆದು, 1916ರ ಸೆಪ್ಟೆಂಬರಿನಲ್ಲಿ, ಮೊದಲ ಮಹಾಯುದ್ಧದ ಸೋಮ್ ಕಾಳಗದಲ್ಲಿ ನಿಜವಾದ ಟ್ಯಾಂಕುಗಳು ಬಂದವು. ಇದೇ ವೆಲ್ಸ್ 1913ರಲ್ಲಿ ತವರದ ಸೈನಿಕರನ್ನಿಟ್ಟು ಆಡುವುದಕ್ಕೆ ನಿಯಮಗಳ ಪುಸ್ತಕವನ್ನೂ ಬರೆದ. ಸ್ಪ್ರಿಂಗ್ ಇರುವ ಆಟಿಕೆ ತೋಪಿನಿಂದ ಮರದ ತುಂಡು ಹಾರಿಸಿ ಎದುರಿನವನ ಸೈನಿಕರನ್ನು ಬೀಳಿಸುವುದು. ದೊಡ್ಡವರು ನೆಲದ ಮೇಲೆ ಬೋರಲು ಮಲಗಿ ಆಡುವುದಕ್ಕೆ ಅಷ್ಟು ಹಿಂದೆಯೇ ಒಬ್ಬ ಮರ್ಯಾದಸ್ಥ ಲೇಖಕ ಪರವಾನಿಗೆ ಕೊಟ್ಟಿದ್ದಾನೆ ಅಂತ ನಾನು ಮನೆಯಲ್ಲಿ ಆಗಾಗ ನೆನಪಿಸುತ್ತೇನೆ.

ಈ ಗಾಡಿಗಳ ಕಿಟ್, ಅಂದರೆ ಜೋಡಿಸಿಕೊಳ್ಳುವ ಬಿಡಿಭಾಗಗಳ ಪೆಟ್ಟಿಗೆ, ಹೊರದೇಶದಲ್ಲಿ ಸಿಗುತ್ತವೆ. ತರಿಸಿದರೆ ಗಾಡಿಗಿಂತ ಕಸ್ಟಮ್ಸೇ ಜಾಸ್ತಿ. ಹಾಗಾಗಿ ಜಾತ್ರೆ ಆಟಿಕೆ. ನಿಜ ಹೇಳಬೇಕೆಂದರೆ ಕಿಟ್ ಪುಕ್ಕಟೆ ಸಿಕ್ಕಿದರೂ ನಾನು ಆಟಿಕೆಯನ್ನೇ ಬಿಚ್ಚುತ್ತೇನೆ. ಕಿಟ್‌ನಲ್ಲಿ ಯೋಚನೆ ಬೇರೆಯವರು ಮಾಡಿ ಮುಗಿಸಿರುತ್ತಾರೆ.

ಮೊದಲ ಕೆಲಸ ಅಳತೆ. ನನ್ನ ಸೈನಿಕರು 28 ಮಿಲಿಮೀಟರಿನವರು. ಸುಮಾರು 56ಕ್ಕೆ 1 ಅನ್ನಿ. ಅಂದರೆ ಮೇಜಿನ ಮೇಲಿನ ಒಂದು ಸೆಂಟಿಮೀಟರು ಅವರ ಲೋಕದಲ್ಲಿ 56 ಸೆಂಟಿಮೀಟರು. ಆರು ಅಡಿ ಬಾಗಿಲು ಮೂರು ಕಾಲು ಸೆಂಟಿಮೀಟರು. ಆಟಿಕೆಯ ನಿಜವಾದ ಅಳತೆ ಹೇಳುವುದು ಅದರ ಉದ್ದಗಲ ಅಲ್ಲ. ಬಾಗಿಲು, ಕಿಟಕಿ, ಸೀಟು, ಸ್ಟೇರಿಂಗು ಇವು ಚಾಡಿ ಹೇಳುತ್ತವೆ. ಇವನ್ನು ಕಿತ್ತು ಹಾಕಿದರೆ ಟ್ರ್ಯಾಕ್ಟರಿನ ಹಿಂದಿನ ಚಕ್ರ ಯಾವ ಅಳತೆಯದ್ದೂ ಆಗಬಹುದು. ಅದರ ಪಕ್ಕ ಪುಟ್ಟ ಮನುಷ್ಯನನ್ನು ನಿಲ್ಲಿಸಿ, ಒಂದು ಏಣಿ ಅಂಟಿಸಿ. ಚಕ್ರ ಆಳೆತ್ತರದ್ದು ಅಂತ ಕಣ್ಣು ತಾನೇ ಒಪ್ಪಿಕೊಳ್ಳುತ್ತದೆ. ಹಾಗಾಗಿ ಈ ಕೆಲಸದಲ್ಲಿ ಅಂಟಿಸುವುದಕ್ಕಿಂತ ಕೀಳುವುದು ಜಾಸ್ತಿ.

ಬಿಚ್ಚುವುದಕ್ಕೆ ಕರೆಂಟಿನ ಟೆಸ್ಟರ್ ಸಾಕು. ಅಂಟಿಸುವಾಗ ಕಷ್ಟ ಶುರು. ಕಡಿಮೆ ಬೆಲೆಯ ಆಟಿಕೆಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್. ಅದು ಯಾವ ಗಮ್ಮನ್ನೂ ಹತ್ತಿರ ಸೇರಿಸುವುದಿಲ್ಲ, ಬಣ್ಣವನ್ನೂ ಅಷ್ಟೇ. ನನ್ನ ಮೊದಲ ಗಾಡಿಗೆ ಎರಡು ವಾರ ಬಣ್ಣ ಹಚ್ಚಿದ್ದೆ. ಒಂದು ದಿನ ಉಗುರು ತಾಗಿತು ನೋಡಿ, ಬೇಸಿಗೆಯಲ್ಲಿ ಬೆನ್ನಿನ ಸಿಪ್ಪೆ ಏಳುತ್ತದಲ್ಲ, ಹಾಗೆ ಪೂರಾ ಎದ್ದು ಬಂತು. ಈಗ ಮೊದಲು ಅಡಿಭಾಗ ನೋಡುತ್ತೇನೆ. ತ್ರಿಕೋನದೊಳಗೆ 5 ಅಂತ ಇದ್ದರೆ ಅದು ಪಾಲಿಪ್ರೊಪಿಲೀನ್. ಬೇಕೇಬೇಕು ಅನಿಸಿದರೆ ಪಾತ್ರೆ ಸೋಪಿನಲ್ಲಿ ಜಿಡ್ಡು ತೊಳೆದು, ಮರಳು ಕಾಗದದಲ್ಲಿ ಉಜ್ಜಿ, ತೂತು ಕೊರೆದು ತಂತಿ ಚುಚ್ಚಿ ಕೂರಿಸುತ್ತೇನೆ. ಗಮ್ಮಿನ ಮೇಲೆ ಭಾರ ಹಾಕುವುದಿಲ್ಲ. ಸಂದು ತುಂಬಲಿಕ್ಕೆ ಎಂ-ಸೀಲ್. ಎರಡು ಬಣ್ಣದ ಉಂಡೆ ನಾದಿ, ಬೆರಳು ಒದ್ದೆ ಮಾಡಿಕೊಂಡು ಒತ್ತುವುದು. ಚಪಾತಿ ಹಿಟ್ಟಿನ ಕೈ ಇದ್ದವರಿಗೆ ಬೇಗ ಬರುತ್ತದೆ.

ಆಮೇಲೆ ರಿವೆಟ್. ಆ ಕಾಲದಲ್ಲಿ ಬೆಸುಗೆ ಇನ್ನೂ ಹಡಗು, ಬಾಯ್ಲರುಗಳಿಗೆ ಬಂದಿರಲಿಲ್ಲ. ಕಬ್ಬಿಣದ ತಗಡುಗಳನ್ನು ಸಾಲು ಸಾಲು ರಿವೆಟ್ ಬಡಿದು ಕೂಡಿಸುತ್ತಿದ್ದರು. ರಿವೆಟ್ ಸಾಲಿಲ್ಲದ ಗಾಡಿ ಶೇವಿಂಗ್ ಡಬ್ಬಿಯ ಹಾಗೆ ಕಾಣುತ್ತದೆ. ನನಗೆ ಒಂದು ಮಿಲಿಮೀಟರಿನ ಗುಂಡು ಬೇಕಿತ್ತು, ನೂರಾರು. ಸಾಸಿವೆ ದಪ್ಪ ಆಯಿತು. ಗಸಗಸೆ ಹೇಳಿ ಮಾಡಿಸಿದ ಹಾಗಿತ್ತು. ಫೆವಿಕಾಲಿನ ಗೆರೆ ಎಳೆದು, ಒದ್ದೆ ಮಾಡಿದ ಊದುಬತ್ತಿ ಕಡ್ಡಿಯ ತುದಿಯಲ್ಲಿ ಒಂದೊಂದೇ ಕಾಳು ಎತ್ತಿ ಇಟ್ಟೆ. ಊರಿನ ಮನೆಯ ಜಗಲಿಯಲ್ಲಿ ಕೂತು ಮೂರು ದಿನ. ನಾಲ್ಕನೇ ದಿನ ಆಯಿ ಒಳಗಿನಿಂದ ಕೂಗಿದಳು. "ಗಸಗಸೆ ಡಬ್ಬಿ ಎಲ್ಹೋತಾ?" ಅವತ್ತು ಪಾಯಸ ಆಗಲಿಲ್ಲ.

ಪಾಯಸ ಹೋದರೆ ಹೋಗಲಿ. ಆ ಗಾಡಿಯನ್ನು ಕಾರವಾರಕ್ಕೆ ತಂದು, ಕೋಡಿಬಾಗದ ಬಾಡಿಗೆ ಮನೆಯ ಕಪಾಟಿನಲ್ಲಿಟ್ಟೆ. ಜೂನ್ ಬಂತು. ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ, ಗೋಡೆಗೆ ನೇತುಹಾಕಿದ ಬೆಲ್ಟಿಗೂ ಬೂಸ್ಟು ಬರುವ ಕಾಲ. ಆಗಸ್ಟಿನಲ್ಲಿ ಬಾಗಿಲು ತೆರೆದರೆ ಬಾಯ್ಲರಿಗೆ ಬಿಳಿ ಗಡ್ಡ ಬಂದಿತ್ತು. ಗಡ್ಡದ ಮೇಲೆ ಇರುವೆ ಸಾಲು ಬೇರೆ. ಈಗ ಮೆಹಂದಿ ಕೋನಿನಲ್ಲಿ ಫೆವಿಕಾಲ್ ತುಂಬಿ ಚುಕ್ಕೆ ಚುಕ್ಕೆ ಇಡುತ್ತೇನೆ. ಒಣಗಿದರೆ ಅಚ್ಚುಕಟ್ಟು ರಿವೆಟ್. ಮದುವೆ ಮನೆಗಳಲ್ಲಿ ಮೆಹಂದಿ ಹಾಕುವ ಪಕ್ಕದ ಮನೆಯ ಹುಡುಗಿ ಒಂದು ಸಂಜೆ ಬಂದು ಇನ್ನೂರು ರಿವೆಟ್ ಹತ್ತು ನಿಮಿಷದಲ್ಲಿ ಇಟ್ಟು ಹೋದಳು. ಒಂದೂ ಸೊಟ್ಟ ಇಲ್ಲ. ನನ್ನ ಮೂರು ದಿನ ನೆನೆದು ಸುಮ್ನೆ ಕೂತೆ.

ಇಷ್ಟೆಲ್ಲ ಆದ ಮೇಲೂ ಗಾಡಿ ಸರಿ ಕಾಣುತ್ತಿರಲಿಲ್ಲ. ಏನು ತಪ್ಪು ಅಂತ ತಿಳಿಯುತ್ತಲೂ ಇರಲಿಲ್ಲ. ಅದೇ ಕೆಂಪು ಟ್ರ್ಯಾಕ್ಟರು. ಹಿಂದಿನ ಚಕ್ರ ಇಟ್ಟುಕೊಂಡು ಉಳಿದದ್ದೆಲ್ಲ ಕಿತ್ತಿದ್ದೆ. ಬಾಯ್ಲರಿಗೆ 25 ಮಿಲಿಮೀಟರಿನ ವೈರಿಂಗ್ ಪೈಪು, ಚಿಮಣಿಗೆ ಸ್ಕೆಚ್ ಪೆನ್ನಿನ ದೇಹ, ಪಕ್ಕದಲ್ಲಿ ಹಳೇ ಟೇಪ್ ರೆಕಾರ್ಡರಿನ ಫ್ಲೈವೀಲು. ವಾಚ್ ರಿಪೇರಿಯವನ ಹತ್ತಿರ ಒಂದು ಮುಷ್ಟಿ ಹಲ್ಲುಚಕ್ರ ಇಸಕೊಂಡು ಬಂದು ಕಂಡಕಂಡಲ್ಲಿ ಅಂಟಿಸಿದ್ದೆ. ಶಿರಸಿಗೆ ಹೋದಾಗ ಹೆಮ್ಮೆಯಿಂದ ಅಪ್ಪಯ್ಯನ ಮುಂದೆ ಇಟ್ಟೆ.

ಅಪ್ಪಯ್ಯ ಕವಳ ಹಾಕಿಕೊಂಡು ಕೂತಿದ್ದ. ಕನ್ನಡಕ ಏರಿಸಿ, ಗಾಡಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಹಲ್ಲುಚಕ್ರಗಳ ಕಡೆ ಕಣ್ಣು ಹಾಯಿಸಲೂ ಇಲ್ಲ. ಅಂಗಳಕ್ಕೆ ಹೋಗಿ ಉಗಿದು ಬಂದು ಹೇಳಿದ. "ಒಲೆ ಇದ್ದು. ಹಂಡೆ ಇದ್ದು. ನೀರು ಎಲ್ಲಿದ್ದು?"

ಅಪ್ಪಯ್ಯ ಜೀವನವಿಡೀ ಅಡಿಕೆ ಬೇಯಿಸಿದವನು. ಹಂಡೆ ಅಂದರೆ ಅವನಿಗೆ ಮೊದಲು ನೀರು, ಆಮೇಲೆ ಬೆಂಕಿ. ಆದರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ವಿಷಯ ಇತ್ತು. ಅದು ನಮ್ಮಿಬ್ಬರಿಗೇ ಗೊತ್ತು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಇದೇ ಜಾತ್ರೆಯಲ್ಲಿ ನನಗೆ ಪಟಪಟ ದೋಣಿ ಕೊಡಿಸಿದ್ದ. ತಗಡಿನ ದೋಣಿ, ಒಳಗೆ ಚಪ್ಪಟೆ ಡಬ್ಬಿ, ಅದರಿಂದ ಹಿಂದಕ್ಕೆ ಎರಡು ನಳಿಗೆ. ನಳಿಗೆಯಲ್ಲಿ ನೀರು ತುಂಬಿ, ಡಬ್ಬಿಯ ಕೆಳಗೆ ಪುಟ್ಟ ಬತ್ತಿ ಹಚ್ಚಿ ಬಾನಿಯಲ್ಲಿ ಬಿಟ್ಟರೆ ಪಟಪಟ ಅಂತ ಓಡುತ್ತದೆ. ಡಬ್ಬಿಯ ನೀರು ಉಗಿಯಾಗಿ ನಳಿಗೆಯ ನೀರನ್ನು ಹಿಂದಕ್ಕೆ ನೂಕುತ್ತದೆ, ದೋಣಿ ಮುಂದೆ ಹೋಗುತ್ತದೆ. ಉಗಿ ತಣಿದ ಕೂಡಲೇ ನೀರು ಮತ್ತೆ ಒಳಗೆ ಬರುತ್ತದೆ. ಹಾಗಾದರೆ ದೋಣಿ ಹಿಂದೆ ಬರಬೇಕಲ್ವಾ? ಬರುವುದಿಲ್ಲ. ಹೋಗುವ ನೀರು ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಬರುವ ನೀರು ಸುತ್ತಲಿಂದ ನುಸುಳುತ್ತದೆ. ಥಾಮಸ್ ಪಿಯೋ ಅನ್ನುವ ಫ್ರೆಂಚ್ ಮನುಷ್ಯ 1891ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ದೋಣಿಗೆ ಪೇಟೆಂಟ್ ಕೇಳಿದ. ಅಂದರೆ ಅಪ್ಪಟ ವಿಕ್ಟೋರಿಯನ್ ಉಗಿಯಂತ್ರವೊಂದು ನೂರು ವರ್ಷ ಕಳೆದರೂ ಶಿರಸಿ ಪೇಟೆಯಲ್ಲಿ ಮಾರಾಟಕ್ಕಿತ್ತು. ನನಗೆ ಆಗ ಅದೆಲ್ಲ ಎಲ್ಲಿ ಗೊತ್ತು. ಮನೆಗೆ ಬಂದವನೇ ನೀರು ತುಂಬದೆ ಬತ್ತಿ ಹಚ್ಚಿದೆ. ಡಬ್ಬಿ ಕೆಂಪಗಾಯಿತು, ಬೆಸುಗೆ ಕರಗಿ ನಳಿಗೆ ಕಳಚಿ ಬಿತ್ತು. ಅಪ್ಪಯ್ಯ ಬೈಯಲಿಲ್ಲ. ಮುಂದಿನ ಜಾತ್ರೆವರೆಗೆ ಎರಡು ವರ್ಷ ಇನ್ನೊಂದು ಕೊಡಿಸಲೂ ಇಲ್ಲ.

ಕಾರವಾರಕ್ಕೆ ವಾಪಸು ಬಂದು ಹಲ್ಲುಚಕ್ರಗಳನ್ನೆಲ್ಲ ಕಿತ್ತೆ. ಎಲ್ಲಿಗೂ ಹೋಗದ, ಯಾವುದನ್ನೂ ತಿರುಗಿಸದ ಚಕ್ರ ಬರೀ ಒಡವೆ. ಇಂಟರ್ನೆಟ್ಟಿನಲ್ಲಿ ಹಾಗೆ ಒಡವೆ ಹೇರಿದ ಗಾಡಿಗಳೇ ಜಾಸ್ತಿ, ಲೈಕೂ ಅವಕ್ಕೇ ಬರುತ್ತದೆ ಅನ್ನಿ. ನಾನು ಮಾತ್ರ ಈಗ ಗಾಡಿಯ ಮುಂದೆ ಕೂತು ಅಪ್ಪಯ್ಯನ ಹಾಗೆ ಕೇಳುತ್ತೇನೆ. ಕಲ್ಲಿದ್ದಲು ಎಲ್ಲಿ ಹಾಕುತ್ತಾರೆ? ಬೂದಿ ಎಲ್ಲಿ ಬೀಳುತ್ತದೆ? ಬೆಂಕಿ ಹಾಕುವವನು ನಿಲ್ಲುವುದೆಲ್ಲಿ, ಅವನ ಸಲಿಕೆಗೆ ಜಾಗ ಇದೆಯಾ? ಎಲ್ಲಕ್ಕಿಂತ ಮೊದಲು, ನೀರು. ಉಗಿ ಎಂಜಿನ್ನು ಕಲ್ಲಿದ್ದಲಿಗಿಂತ ಹಲವು ಪಟ್ಟು ತೂಕದ ನೀರು ಕುಡಿಯುತ್ತದೆ. ಬಾಯ್ಲರಿನ ಒಳಗೆ ಬೆಂಕಿಗೂಡಿನ ನೆತ್ತಿ ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು. ಮಟ್ಟ ಇಳಿದರೆ ನೆತ್ತಿ ಕಾದು ಮೆತ್ತಗಾಗಿ ಒಳಗೆ ಕುಸಿಯುತ್ತದೆ, ಸ್ಫೋಟವೂ ಆಗಬಹುದು. ನನ್ನ ದೋಣಿಗೆ ಆದದ್ದೇ ದೊಡ್ಡ ಪ್ರಮಾಣದಲ್ಲಿ. ಹಾಗಾಗಿ ಆ ಗಾಡಿಯ ಹಿಂದೆ ಒಂದು ನೀರಿನ ಬಂಡಿ ಕಟ್ಟಿದೆ. ಕೆಮ್ಮಿನ ಔಷಧಿಯ ಪ್ಲಾಸ್ಟಿಕ್ ಬಾಟಲಿ, ಅಡ್ಡ ಮಲಗಿಸಿದ್ದು. ಅದರಿಂದ ಬಾಯ್ಲರಿಗೆ ಸೈಕಲ್ ವಾಲ್‌ಟ್ಯೂಬಿನ ಕೊಳವೆ. ಗಾಡಿ ಸರಿ ಕಾಣತೊಡಗಿತು. ಸುಳ್ಳಲ್ಲ, ಎದುರಿನವನಿಗೆ ಏನು ಬದಲಾಯಿತು ಅಂತ ಗೊತ್ತಾಗದಿದ್ದರೂ ಕಣ್ಣು ಅಲ್ಲಿ ನಿಲ್ಲುತ್ತದೆ.

ಇಂಥ ಗಾಡಿ ನಿಜಕ್ಕೂ ಇತ್ತಾ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ ಮನುಷ್ಯ ಆರ್. ಇ. ಬಿ. ಕ್ರಾಂಪ್ಟನ್. 1870ರ ದಶಕದ ಮೊದಲಲ್ಲಿ ಹಿಂದೂಸ್ತಾನದಲ್ಲಿದ್ದ ಬ್ರಿಟಿಷ್ ಸೈನ್ಯಾಧಿಕಾರಿ. ಸ್ಕಾಟ್ಲೆಂಡಿನ ಆರ್. ಡಬ್ಲ್ಯೂ. ಥಾಮ್ಸನ್ ಮಾಡಿದ ರೋಡ್ ಸ್ಟೀಮರುಗಳನ್ನು ಇಲ್ಲಿ ಓಡಿಸಿದ. ಹಳಿ ಇಲ್ಲ, ರಸ್ತೆಯ ಮೇಲೇ ಓಡುವ ಉಗಿ ಎಂಜಿನ್ನು. ಚಕ್ರಕ್ಕೆ ದಪ್ಪ ರಬ್ಬರಿನ ಪಟ್ಟಿ, ಹಿಂದೆ ಬಂಡಿಗಳ ಸಾಲು. ಇಂಗ್ಲೆಂಡಿನಿಂದ ಬಂದ ಒಂದರ ಹೆಸರು ಚೀನಾಬ್. ಮುಂದೆ ಕ್ರಾಂಪ್ಟನ್ ಊರಿಗೆ ಹೋಗಿ 1878ರಲ್ಲಿ ವಿದ್ಯುತ್ ಸಾಮಾನಿನ ಕಂಪನಿ ಶುರು ಮಾಡಿದ. 1915ರಲ್ಲಿ, ಎಪ್ಪತ್ತರ ಮುದುಕ, ಟ್ಯಾಂಕಿಗೆ ಜನ್ಮ ಕೊಟ್ಟ ಸಮಿತಿಗೆ ಸಲಹೆಗಾರನೂ ಆದ. ಇದನ್ನು ಓದುತ್ತಾ ರಾತ್ರಿ ಹನ್ನೊಂದಕ್ಕೆ ಬೆನ್ನು ಚಾಚಿ ಮೇಲೆ ನೋಡಿದೆ. ಬಣ್ಣ ಒಣಗಲಿ ಅಂತ ಫ್ಯಾನ್ ಜೋರಾಗಿ ಬಿಟ್ಟಿದ್ದೆ. ಸ್ವಿಚ್ ಆಫ್ ಮಾಡಿ, ರೆಕ್ಕೆ ನಿಂತ ಮೇಲೆ ನಡುವಿನ ಬಟ್ಟಲಿನ ಮೇಲಿನ ಹೆಸರು ಓದಿದೆ. ಅದೇ ಕ್ರಾಂಪ್ಟನ್. ಆ ಹೆಸರು ಅವನಿಂದಲೇ ಬಂದದ್ದು. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. "ಫ್ಯಾನ್ ಹಾಕಿ, ಸೆಖೆ" ಅಂದಳು.

ಉಗಿ ಗಾಡಿ ಸಿಕ್ಕಿತು. ಅದಕ್ಕೆ ಎಳೆಯಲು ಸರಕು ಬೇಕಲ್ಲ. ಅದು ಕಾರವಾರದಲ್ಲೇ ಇತ್ತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಲ್ಯಾಂಕಾಶೈರ್ ಬಟ್ಟೆ ಮಿಲ್ಲುಗಳಿಗೆ ಹತ್ತಿ ನಿಂತಿತು. ಧಾರವಾಡದ ಹತ್ತಿಯ ಮೇಲೆ ಅವರ ಕಣ್ಣು ಬಿತ್ತು. ಆಗ ಆ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಎಷ್ಟೆಂದರೆ ಹತ್ತಿ ಪೇಟೆಯಲ್ಲಿ ಅದಕ್ಕೆ ಕುಮ್ಟಾ ಹತ್ತಿ ಅಂತಲೇ ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆದದ್ದನ್ನು ನೋಡಿದವರು ಯಾರೂ ಇಲ್ಲ, ಅದು ಬೇರೆ ಮಾತು. ಕಾರವಾರದ್ದು ಒಳ್ಳೆಯ ಬಂದರು, ಅಲ್ಲಿಗೇ ತರೋಣ ಅಂತ ಯೋಜನೆ ಹಾಕಿದರು. ಅದಕ್ಕೆಂದೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಘಟ್ಟದ ರಸ್ತೆ ಆಯಿತು. ರೈಲಿನ ಮಾತೂ ಆಯಿತು. ರೈಲು ಮಾತ್ರ ಆಗಲಿಲ್ಲ. ಅಷ್ಟರಲ್ಲಿ ಯುದ್ಧ ಮುಗಿಯಿತು. 1880ರ ದಶಕದಲ್ಲಿ ಕ್ಯಾಸಲ್‌ರಾಕ್ ಮೇಲಿಂದ ಗೋವೆಯ ಮಾರ್ಮಗೋವಾ ಬಂದರಿಗೆ ಹಳಿ ಬಿತ್ತು, ವ್ಯಾಪಾರವೂ ಅಲ್ಲಿಗೇ ಹೋಯಿತು. ಕಾರವಾರ ಮೊದಲ ರೈಲು ನೋಡಿದ್ದು ಕೊಂಕಣ ರೈಲ್ವೆ ಬಂದಾಗ, 1990ರ ದಶಕದಲ್ಲಿ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಇನ್ನೂ ನಡೆಯುತ್ತಲೇ ಇದೆ.

ಹಾಗಾಗಿ ನನ್ನ ಮೇಜಿನ ಮೇಲೆ ವರ್ಷ 1871. ರೈಲು ಬರಲಿಲ್ಲ, ಬದಲಿಗೆ ಉಗಿ ಬಂಡಿಗಳು ಬಂದವು. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟ ಇಳಿದು ಕಾರವಾರ. ಎಂಜಿನ್ನಿನ ಹೆಸರೂ ಅರಬೈಲು. ಹಿಂದೆ ನಾಲ್ಕು ಬಂಡಿ, ಅದರಲ್ಲಿ ಮೆಡಿಕಲ್ ಹತ್ತಿಯನ್ನು ದಾರದಲ್ಲಿ ಬಿಗಿದು ಚಹಾ ನೀರಿನಲ್ಲಿ ಅದ್ದಿದ ಮೂಟೆಗಳು. ಕಾವಲಿಗೆ ಸೋಲಾ ಟೋಪಿಯ ಹನ್ನೆರಡು ಸಿಪಾಯಿಗಳು, ಬೆಂಗಳೂರಿನ ಗೆಳೆಯ ತ್ರೀಡಿ ಪ್ರಿಂಟರಿನಲ್ಲಿ ಮಾಡಿಕೊಟ್ಟದ್ದು. ಈ ಪ್ರಕಾರದ ಆಟಗಳಲ್ಲಿ ಟೋಪಿಯವರೇ ಗೆಲ್ಲುವುದು ವಾಡಿಕೆ. ನನಗೆ ಅದು ಆಗಿಬರುವುದಿಲ್ಲ. ಎದುರು ಪಕ್ಷ ಅಕ್ಕನ ಮಗನದ್ದು. ಘಟ್ಟದ ಊರುಗಳ ಜನ, ಕಂಬಳಿ ಹೊದ್ದವರು, ಕೈಯಲ್ಲಿ ನಾಡಬಂದೂಕು.

ಬಣ್ಣದ ವಿಷಯ ಸ್ವಲ್ಪ ಹೇಳಬೇಕು. ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಹೊಡೆದರೆ ತೇವಕ್ಕೆ ಬೆಳ್ಳಗೆ ಮಂಜು ಹಿಡಿಯುತ್ತದೆ, ಹಾಗಾಗಿ ಬ್ರಷ್ಷೇ ಗತಿ. ಮೊದಲು ಕಪ್ಪು. ಅದರ ಮೇಲೆ ಬೆಳ್ಳಿ ಬಣ್ಣ ಅದ್ದಿದ ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ, ಏನೂ ಉಳಿದಿಲ್ಲ ಅನ್ನುವಾಗ ಸವರುವುದು. ರಿವೆಟಿನ ನೆತ್ತಿಗೆ ಮಾತ್ರ ಹೊಳಪು ಕೂರುತ್ತದೆ. ತುಕ್ಕಿಗೆ ನನ್ನದೇ ಒಂದು ಮದ್ದಿದೆ: ಅಡಿಕೆ ಬೇಯಿಸಿದ ಚೊಗರು. ಗಟ್ಟಿ ಚೊಗರಿಗೆ ಒಂದು ಹನಿ ಪಾತ್ರೆ ಸೋಪು ಸೇರಿಸಿ ಸಂದುಗಳಿಗೆ ಬಿಟ್ಟರೆ ಕೆಂಪು ಕಂದು ಬಣ್ಣ ತಾನಾಗಿ ಇಳಿದು ನಿಲ್ಲುತ್ತದೆ. ಮೇಲೆ ಮ್ಯಾಟ್ ವಾರ್ನಿಷ್ ಹಾಕಲೇಬೇಕು, ಗಸಗಸೆಯ ಪಾಠ ಮರೆತಿಲ್ಲ. ಎಲ್ಲಿ ಹಚ್ಚಬೇಕು ಅಂತ ಕಲಿತದ್ದು ಕಾರವಾರದ ಬೈತಖೋಲ್ ಬಂದರಿನಲ್ಲಿ. ಸಂಜೆ ಹೊತ್ತು ಅಲ್ಲಿ ನಿಂತು ಲಂಗರು, ಸರಪಳಿ, ವಿಂಚು ನೋಡುತ್ತಿರುತ್ತೇನೆ. ತುಕ್ಕು ಎಲ್ಲ ಕಡೆ ಬರುವುದಿಲ್ಲ. ನೀರು ನಿಂತಲ್ಲಿ ಬರುತ್ತದೆ, ಇಳಿದ ದಾರಿಯಲ್ಲಿ ಗೆರೆ ಎಳೆಯುತ್ತದೆ. ಜನರ ಕೈ ತಾಗುವ ಜಾಗ ಹೊಳೆಯುತ್ತಿರುತ್ತದೆ. ಮೀನು ಇಳಿಸುವವನೊಬ್ಬ ಕೇಳಿದ, "ಎಂತ ನೋಡೂದು ಸಾರ್, ಬೋಟು ತಕಂತ್ರಾ?"

ನಿಯಮದಲ್ಲೂ ನೀರು ಸೇರಿಸಿದೆ. ಎಂಜಿನ್ನಿನ ಪಕ್ಕ ಆರು ಹುಣಸೆಬೀಜ ಇಡುವುದು. ಪ್ರತಿ ಸರದಿಗೆ ಒಂದು ಬೀಜ ಖರ್ಚು, ಏರಿನಲ್ಲಿ ಎರಡು. ಹಳ್ಳ ಸಿಕ್ಕಲ್ಲಿ ಒಂದು ಸರದಿ ನಿಂತರೆ ಮತ್ತೆ ಆರು. ಬೀಜ ಮುಗಿದರೆ ಬೆಂಕಿ ಎಳೆದು ಹಾಕಿ ನಿಲ್ಲಬೇಕು. ನಿಲ್ಲದೆ ಓಡಿಸಿದರೆ ದಾಳ ಹಾಕಬೇಕು, ಒಂದು ಬಿದ್ದರೆ ಬಾಯ್ಲರ್ ಹೋಯಿತು.

ಮೊನ್ನೆ ದೀಪಾವಳಿಗೆ ಊರಿನ ಜಗಲಿಯಲ್ಲೇ ಆಡಿದೆವು. ಹಸಿರು ಬೆಡ್‌ಶೀಟಿನ ಕೆಳಗೆ ಪುಸ್ತಕ ಇಟ್ಟು ಗುಡ್ಡ, ನೀಲಿ ರಿಬ್ಬನ್ನಿನ ಹಳ್ಳ. ನಾನು ದಾರಿಯುದ್ದಕ್ಕೂ ಸಿಪಾಯಿಗಳನ್ನು ಹರಡಿ, ಹತ್ತಿಯ ಬಂಡಿಗಳಿಗೆ ಕಾವಲು ಬಿಗಿ ಮಾಡಿದೆ. ಅಕ್ಕನ ಮಗ ಬಂಡಿಗಳ ಹತ್ತಿರ ಸುಳಿಯಲೇ ಇಲ್ಲ. ಅವುಗಳ ಮೇಲೆ ಒಂದು ಗುಂಡೂ ಹಾರಿಸಲಿಲ್ಲ. ತನ್ನ ಎಂಟೂ ಜನರನ್ನು ಕರೆದುಕೊಂಡು ಹೋಗಿ ಹಳ್ಳದ ಎರಡೂ ದಡದ ಪೊದೆಯಲ್ಲಿ ಕೂರಿಸಿದ. ಅಪ್ಪಯ್ಯ ಅವನ ಬೆನ್ನ ಹಿಂದೆ ಕೂತು ಅಡಿಕೆ ಕತ್ತರಿಸುತ್ತಿದ್ದ. ಯಾರು ಹೇಳಿಕೊಟ್ಟದ್ದು ಅಂತ ನಾನು ಕೇಳಲಿಲ್ಲ.

ಹಳ್ಳಕ್ಕೆ ಎರಡು ಸಲ ನುಗ್ಗಿದೆ. ಎರಡು ಸಲವೂ ಬಾಲ್ದಿ ಹಿಡಿದವರೇ ಮೊದಲು ಬಿದ್ದರು. ಐದನೇ ಬೀಜ ಹೋಯಿತು. ಆರನೆಯದನ್ನು ಅವನು ತನ್ನ ಕೈಯಿಂದಲೇ ಎತ್ತಿಕೊಂಡ. "ಮಾವಾ, ಬೆಂಕಿ ಎಳಿ" ಅಂದ. ಅರಬೈಲು ಘಟ್ಟದ ನೆತ್ತಿಯಲ್ಲಿ, ಇಳಿಜಾರು ಶುರುವಾಗಲು ನಾಲ್ಕು ಇಂಚು ಇರುವಾಗ ಎಂಜಿನ್ ನಿಂತಿತು. ಹತ್ತಿ ಈ ಸಲವೂ ಕಾರವಾರ ಮುಟ್ಟಲಿಲ್ಲ.